ರಾಯಧನ: ಕಾಲೇಜು ಕಟ್ಟುವ ಹಣವೆಲ್ಲ ಅದಲ್ಲ

ಇ-ಜರ್ನಲ್‌ಗೆ ಕಟ್ಟುವ ಚಂದಾ ರಾಯಧನವಂತೆ. ಜೆರಾಕ್ಸ್ ಪರವಾನಗಿಗೆ ಕೇಳುವ ಶುಲ್ಕವೂ ರಾಯಧನ, ವಾರ್ಷಿಕೋತ್ಸವದ ಹಾಡಿಗೆ ಕೇಳುವ ದುಡ್ಡೂ ರಾಯಧನ. ಕಾಲೇಜುಗಳ ಟಿಪ್ಪಣಿಗಳಲ್ಲಿ ರಾಯಲ್ಟಿಯ ಈ ಕನ್ನಡ ಪದ ಎಲ್ಲೆಂದರಲ್ಲಿ ಬೀಳುತ್ತಿದೆ. ಬೇರೆ ಕಡೆ ಹೇಗೋ, ಬಳ್ಳಾರಿಯಲ್ಲಿ ಹೀಗಾಗಬಾರದು. ಇದರ ಖಚಿತ ಅರ್ಥ ಗಣಿನಾಡು ಸಂಡೂರಿನ ಅದಿರು ತೂಗುವ ಯಾವ ವೇ ಬ್ರಿಡ್ಜ್‌ನಲ್ಲಿ ಕೇಳಿದರೂ ಸಿಗುತ್ತದೆ.

‘ರಾಜ’ ತದ್ಭವವಾದರೆ ‘ರಾಯ’; ಕೃಷ್ಣದೇವರಾಯನ ರಾಯನೂ ಇವನೇ. ಗಣಿ ಇಲಾಖೆ ತತ್ಸಮವನ್ನೇ ಹಿಡಿದು ‘ರಾಜಧನ’ ಎನ್ನುತ್ತದೆ, ಪುಸ್ತಕದವರು ‘ರಾಯಧನ’ ಎನ್ನುತ್ತಾರೆ. ಎರಡೂ ರಾಯಲ್ಟಿಗೆ ಕನ್ನಡ. ‘ರಾಯಲ್’ ಇಂಗ್ಲಿಷಿಗೆ ಹಳೆಯ ಫ್ರೆಂಚಿನಿಂದ ಬಂತು, ಅದರ ಬೇರು ಲ್ಯಾಟಿನಿನ ‘ರೆಕ್ಸ್’. ರೆಕ್ಸ್ ಮತ್ತು ಸಂಸ್ಕೃತದ ರಾಜನ್ ಒಂದೇ ಮೂಲದ ದಾಯಾದಿಗಳು, ಹಾಗಾಗಿ ನಮ್ಮ ಪದ ಬೇರಿನಲ್ಲೂ ಕೂಡಿಬಂದಿದೆ. ಇಂಗ್ಲೆಂಡಿನಲ್ಲಿ ಬಂಗಾರ, ಬೆಳ್ಳಿಯ ಗಣಿ ಅರಸನ ಸೊತ್ತು. ಅಗೆದವನು ಅರಸನ ಪಾಲು ಕೊಡಬೇಕಿತ್ತು. ಆ ಹೆಸರು ಮುಂದೆ ಭೂಮಿಯ ಒಡೆಯನ ಪಾಲಿಗೂ, 19ನೇ ಶತಮಾನದಲ್ಲಿ ಲೇಖಕನ ಪಾಲಿಗೂ ಅಂಟಿಕೊಂಡಿತು. ಗಣಿಯಿಂದ ಪುಸ್ತಕಕ್ಕೆ ಬಂದ ಪದ ಇದು. ಬರುವಾಗ ತನ್ನ ಗುಣವನ್ನೂ ತಂದಿತು: ತೆಗೆದಷ್ಟಕ್ಕೆ ಲೆಕ್ಕ.

ನಮ್ಮ ಗಣಿ ಕಾಯ್ದೆ, ಹಕ್ಕುಸ್ವಾಮ್ಯ ಕಾಯ್ದೆ ಎರಡೂ 1957ರವು. ಗಣಿ ಕಾಯ್ದೆಯ 9ನೇ ಕಲಂ ಪ್ರಕಾರ ಗುತ್ತಿಗೆ ಪ್ರದೇಶದಿಂದ ಸಾಗಿಸಿದ ಅಥವಾ ಅಲ್ಲೇ ಬಳಸಿದ ಅದಿರಿಗೆ ರಾಜಧನ. ಕಬ್ಬಿಣದ ಅದಿರಿಗೆ 2014ರಲ್ಲಿ ಅದನ್ನು ಸರಾಸರಿ ಮಾರಾಟ ಬೆಲೆಯ ಶೇ 15ಕ್ಕೆ ಏರಿಸಲಾಯಿತು. ಒಂದು ಬುಟ್ಟಿ ಅದಿರನ್ನೂ ತೆಗೆಯದಿದ್ದರೆ? ಅದಕ್ಕೆ 9ಎ ಕಲಂನ ಡೆಡ್ ರೆಂಟ್ ಇದೆ, ವಿಸ್ತೀರ್ಣದ ಮೇಲೆ. ಎರಡರಲ್ಲಿ ಹೆಚ್ಚಿನದನ್ನು ಕಟ್ಟಬೇಕು. ಗಣಿಯ ಲೆಕ್ಕದವರು ಒಂದನ್ನು ಇನ್ನೊಂದರ ಹೆಸರಿನಲ್ಲಿ ಬರೆಯುವುದಿಲ್ಲ.

ವಿಶ್ವವಿದ್ಯಾಲಯಗಳ ಹಕ್ಕುಸ್ವಾಮ್ಯ ಶುಲ್ಕದ ಜಗಳದ ತಿರುಳೂ ಇದೇ. ಕೆನಡಾದಲ್ಲಿ ಲೇಖಕರು, ಪ್ರಕಾಶಕರ ಪರವಾಗಿ ಶುಲ್ಕ ವಸೂಲು ಮಾಡುವ ಆಕ್ಸೆಸ್ ಕಾಪಿರೈಟ್ ಸಂಸ್ಥೆ ವಿದ್ಯಾರ್ಥಿಗೆ ವರ್ಷಕ್ಕೆ 3.38 ಡಾಲರ್, ಅದರ ಮೇಲೆ ಪಾಠಸಂಕಲನದ ಪ್ರತಿ ಪುಟಕ್ಕೆ 10 ಸೆಂಟ್ ಪಡೆಯುತ್ತಿತ್ತು. ಪುಟದ 10 ಸೆಂಟ್ ಅಪ್ಪಟ ರಾಯಧನ. 2010ರಲ್ಲಿ ಅದು ಪುಟದ ಲೆಕ್ಕ ಬಿಟ್ಟು, ವಿಶ್ವವಿದ್ಯಾಲಯಗಳಿಗೆ ವಿದ್ಯಾರ್ಥಿಯ ತಲೆಗೆ 45 ಡಾಲರ್ ಎಂದು ಪ್ರಸ್ತಾಪಿಸಿತು. ವಿದ್ಯಾರ್ಥಿ ಒಂದು ಪುಟ ತೆಗೆಯದಿದ್ದರೂ ಕಟ್ಟಬೇಕಾದ ಈ ಹಣ ಡೆಡ್ ರೆಂಟ್. ಯಾರ್ಕ್ ವಿಶ್ವವಿದ್ಯಾಲಯ ಈ ವ್ಯವಸ್ಥೆಯಿಂದ ಹೊರಬಂತು. ಮೊಕದ್ದಮೆ ಅಲ್ಲಿನ ಸುಪ್ರೀಂ ಕೋರ್ಟ್ ಮುಟ್ಟಿತು. ಅಲ್ಲಿನ ಹಕ್ಕುಸ್ವಾಮ್ಯ ಮಂಡಳಿ ಮಂಜೂರು ಮಾಡಿದ ದರವನ್ನೂ ಪರವಾನಗಿ ಒಲ್ಲೆನೆಂದವರ ಮೇಲೆ ಹೇರಲಾಗದು ಎಂದು 2021ರ ಜುಲೈ 30ರಂದು ತೀರ್ಪಾಯಿತು.

ನಮ್ಮಲ್ಲಿ ನೆನಪಿಡಬೇಕಾದದ್ದು ದೆಹಲಿಯ ಜೆರಾಕ್ಸ್ ಮೊಕದ್ದಮೆ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶಕರು 2012ರಲ್ಲಿ ದೆಹಲಿ ವಿಶ್ವವಿದ್ಯಾಲಯ ಮತ್ತು ಅದರ ಆವರಣದ ರಾಮೇಶ್ವರಿ ಜೆರಾಕ್ಸ್ ಅಂಗಡಿಯ ಮೇಲೆ ದಾವೆ ಹೂಡಿದರು. ಪರವಾನಗಿ ಪಡೆಯಿರಿ ಎಂಬುದು ಅವರ ಬೇಡಿಕೆ. 2016ರ ಡಿಸೆಂಬರ್ 9ರಂದು ಹೈಕೋರ್ಟಿನ ವಿಭಾಗೀಯ ಪೀಠ ಹಕ್ಕುಸ್ವಾಮ್ಯ ಕಾಯ್ದೆಯ 52(1)(ಐ) ಕಲಂ ಬಿಡಿಸಿ ಹೇಳಿತು: ಬೋಧನೆಗೆ ಬೇಕಾದಷ್ಟು ಪ್ರತಿ ತೆಗೆಯಬಹುದು, ಇಷ್ಟೇ ಪುಟ ಎಂಬ ಮಿತಿ ಕಲಂನಲ್ಲಿಲ್ಲ, ಬೋಧನೆ ಎಂದರೆ ತರಗತಿಯ ಒಂದು ತಾಸು ಮಾತ್ರವಲ್ಲ. 2017ರ ಮಾರ್ಚ್‌ನಲ್ಲಿ ಪ್ರಕಾಶಕರು ದಾವೆ ಹಿಂಪಡೆದರು. ಅಂಗಡಿಯವನು ಪುಟಕ್ಕೆ ಪಡೆಯುತ್ತಿದ್ದ ಹಣವೂ ರಾಯಧನವಲ್ಲ. ಅದು ಕಾಗದ, ಶಾಯಿ, ಕೂಲಿಯ ದುಡ್ಡು. ಕಾಯ್ದೆಯೇ ವಿನಾಯಿತಿ ಕೊಟ್ಟ ಕಡೆ ರಾಯಧನ ಹುಟ್ಟುವುದೇ ಇಲ್ಲ. ಆದರೆ ಇಡೀ ಪಠ್ಯಪುಸ್ತಕ ಜೆರಾಕ್ಸ್ ಮಾಡಿ ಬಸ್ ಸ್ಟ್ಯಾಂಡ್ ಪಕ್ಕ ಬೈಂಡ್ ಹಾಕಿ ಮಾರುವುದಕ್ಕೆ ಈ ತೀರ್ಪನ್ನು ಅಡ್ಡ ಹಿಡಿಯಬೇಡಿ.

ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯ ಹೆಸರಲ್ಲೇ ಚಂದಾ ಇದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಇ-ಜರ್ನಲ್. ರಾಯಚೂರು, ಕೊಪ್ಪಳದಂಥ ರಾಜ್ಯ ಸರ್ಕಾರಿ ವಿಶ್ವವಿದ್ಯಾಲಯಗಳನ್ನೂ ಗಮನದಲ್ಲಿಟ್ಟು ಮಾಡಿದ ಯೋಜನೆ ಇದು. ಓದುವ ಪ್ರವೇಶಕ್ಕೆ ಕೊಟ್ಟ ಹಣವನ್ನು ರಾಯಧನ ಎಂದರೆ ಲೇಖನ ಬರೆದವರಿಗೆ ಪಾಲು ಹೋಗುತ್ತದೆ ಎಂಬ ಸುಳ್ಳು ಅರ್ಥ ಬರುತ್ತದೆ. ಸಂಶೋಧನಾ ಜರ್ನಲ್‌ಗಳಲ್ಲಿ ಲೇಖಕರಿಗೆ ಸಾಮಾನ್ಯವಾಗಿ ಕಾಸೂ ಸಿಗುವುದಿಲ್ಲ.

‘ರಾಯಧನ ಬಾಕಿ’ ಎಂಬ ನೋಟಿಸು ಬಂದರೆ ಚೆಕ್ ಬರೆಯುವ ಮುನ್ನ ಕೇಳಬೇಕಾದ್ದು: ಯಾವ ಕೃತಿ, ಯಾವ ಬಳಕೆ, ಯಾವ ಅವಧಿ, ದರ ಪುಟಕ್ಕೋ ತಲೆಗೋ. ಕೇಳುವವರು ಹಕ್ಕುಸ್ವಾಮ್ಯ ಸಂಘವಾದರೆ ಅದೇ ಕಾಯ್ದೆಯ 33ನೇ ಕಲಂನ ನೋಂದಣಿ ಪತ್ರ, ಕೃತಿಯ ಒಡೆಯರೇ ಆದರೆ ಒಡೆತನದ ದಾಖಲೆ. ವಾರ್ಷಿಕೋತ್ಸವದಲ್ಲಿ ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಪೋಷಕರು, ಕಾಲೇಜಿನ ಚಟುವಟಿಕೆಗೆ ಸಂಬಂಧಪಟ್ಟವರು ಮಾತ್ರ ಕೇಳುವಂತೆ ಹಾಡು ಹಾಕಿದರೆ 52(1)(ಜೆ) ವಿನಾಯಿತಿಯಿದೆ. ಟಿಕೆಟ್ ಇಟ್ಟು ಊರಿಗೆಲ್ಲ ಬಾಗಿಲು ತೆರೆದರೆ ಈ ಕಲಂ ನೆರವಿಗೆ ಬಾರದು.

ವಿಶ್ವವಿದ್ಯಾಲಯ ನಿಜಕ್ಕೂ ರಾಯಧನ ಕೊಡುವ ಜಾಗ ಒಂದಿದೆ: ಅದರ ಪುಸ್ತಕ ಪ್ರಕಟಿಸುವ ವಿಭಾಗವಾದ ಪ್ರಸಾರಾಂಗ. ಹಸ್ತಪ್ರತಿಗೆ ಒಮ್ಮೆಗೇ ಕೊಟ್ಟುಬಿಟ್ಟರೆ ಅದು ಸಂಭಾವನೆ. ಮಾರಿದ ಪ್ರತಿಗಳ ಬೆಲೆಯಲ್ಲಿ ಶೇಕಡಾವಾರು ಪಾಲು ಕೊಟ್ಟರೆ ರಾಯಧನ. ಆಗ ಅಚ್ಚಾದದ್ದು, ಮಾರಾಟವಾದದ್ದು, ಗೌರವಪ್ರತಿ, ಉಳಿಕೆ ಈ ನಾಲ್ಕೂ ಅಂಕಿ ಲೇಖಕರಿಗೆ ವರ್ಷಕ್ಕೊಮ್ಮೆ ಹೋಗಬೇಕು.