ಕುಂಬಾರಗಪ್ಪೆಯ ಹಳ್ಳ

ಮಳೆಗಾಲದ ರಾತ್ರಿ. ಕಾನಿನೊಳಗೆ, ಅಂದರೆ ಮಲೆನಾಡಿನ ನಿತ್ಯಹಸಿರು ಕಾಡಿನೊಳಗೆ, ಒಂದು ಸಣ್ಣ ಹಳ್ಳ. ನೀರಿನ ಮೇಲೆ ಬಾಗಿದ ಕಡ್ಡಿಗೆ ಮೊಟ್ಟೆ ಅಂಟಿಸಿ ಹೆಣ್ಣು ಕಪ್ಪೆ ಹೊರಟುಹೋಗಿದೆ. ಗಂಡು ಮಾತ್ರ ಅಲ್ಲೇ ಉಳಿದಿದೆ. ಅದು ಹಿಂಗಾಲಿನ ಮೇಲೆ ಎದ್ದು ನಿಂತು, ಹಳ್ಳದ ಕೆಸರನ್ನು ಮುಂಗೈಯಲ್ಲಿ ಬಾಚಿ, ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಮತ್ತೆ ಬಗ್ಗುತ್ತದೆ, ಮತ್ತೆ ಮೆತ್ತುತ್ತದೆ. ಮೊಟ್ಟೆಗಳಿಗೆ ಮಣ್ಣಿನ ಹೊದಿಕೆ ಆಗುವ ತನಕ ಕೆಲಸ ನಿಲ್ಲುವುದಿಲ್ಲ. ಮೊಟ್ಟೆ ಒಣಗದಿರಲಿ, ತಿನ್ನುವವರ ಕಣ್ಣಿಗೆ ಬೀಳದಿರಲಿ ಎಂದೇ ಈ ಏರ್ಪಾಡು ಇರಬೇಕು.

ಈ ಕಪ್ಪೆಯನ್ನು ಹೊಸ ಪ್ರಭೇದ ಎಂದು ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ವರದಿ ಮಾಡಿದರು. ಸಿಕ್ಕಿದ್ದು ಕತ್ತಲೆಕಾನಿನಲ್ಲಿ. ಜೋಗದ ಕಡೆಯಿಂದ ಹೊನ್ನಾವರಕ್ಕೆ ಇಳಿಯುವ ದಾರಿಯಲ್ಲಿ, ಸಿದ್ದಾಪುರ ತಾಲೂಕಿನಲ್ಲಿದೆ ಆ ಕಾಡು. ಕಪ್ಪೆಗೆ ಅವರಿಟ್ಟ ಹೆಸರು ನಿಕ್ಟಿಬ್ಯಾಟ್ರಕಸ್ ಕುಂಬಾರ. ಮಣ್ಣು ಮೆತ್ತುವವನಿಗೆ ಕುಂಬಾರ ಅನ್ನದೆ ಇನ್ನೇನು ಅನ್ನಬೇಕು, ಅಲ್ವಾ?

ಹೀಗೆ ವಿಜ್ಞಾನದ ಹೆಸರುಗಳೊಳಗೆ ಕನ್ನಡ ಸೇರಿಕೊಂಡದ್ದು ಇದೊಂದೇ ಅಲ್ಲ. ಅದೇ ಕಾಡಿನ ಜೌಗಿನಲ್ಲಿ ಗೇರಿನ ಬಳಗದ ಒಂದು ಮರ ಪತ್ತೆಯಾಯಿತು. 2000ದಲ್ಲಿ ಅದಕ್ಕೆ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಾಯಿತು. ಇನ್ನು ನಮ್ಮ ಕಾಳಿಂಗ ಸರ್ಪ. ಭಾರತದಿಂದ ಇಂಡೋನೇಷ್ಯಾದವರೆಗೆ ಇರುವುದೆಲ್ಲ ಒಂದೇ ಪ್ರಭೇದ ಎಂದು ಬಹಳ ಕಾಲ ನಂಬಲಾಗಿತ್ತು. 2024ರಲ್ಲಿ ಪಿ. ಗೌರಿ ಶಂಕರ್ ಮತ್ತು ಸಂಗಡಿಗರು ಅದು ನಾಲ್ಕು ಪ್ರಭೇದ ಎಂದು ತೋರಿಸಿದರು. ಪಶ್ಚಿಮಘಟ್ಟದ್ದು ಬೇರೆಯೇ ಹಾವು. ಅದರ ಹೆಸರು ಈಗ ಒಫಿಯೋಫೇಗಸ್ ಕಾಳಿಂಗ. ಆಗುಂಬೆಯಲ್ಲಿ ತರಗೆಲೆ ಒಟ್ಟುಮಾಡಿ ಗೂಡು ಕಟ್ಟಿ, ಮೊಟ್ಟೆ ಇಟ್ಟು ಕಾಯುವ ಆ ತಾಯಿಹಾವು, ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ ಜಾತಿಗೆ ಸೇರಿದ್ದು!

ಜಗತ್ತಿನ ನೆಲದಲ್ಲಿ ಭಾರತದ ಪಾಲು ಶೇ 2.4 ಮಾತ್ರ. ಆದರೆ ಈವರೆಗೆ ಗುರುತಿಸಿದ ಜೀವಪ್ರಭೇದಗಳಲ್ಲಿ ಶೇ 7ರಿಂದ 8ರಷ್ಟು ಇಲ್ಲಿವೆ. ಈ ಸಿರಿ ದೇಶದ ತುಂಬ ಒಂದೇ ಸಮ ಹರಡಿಲ್ಲ. ಮಲೆನಾಡಿನೊಳಗೂ ಅಷ್ಟೇ. ದೂರದಿಂದ ನೋಡಿದರೆ ಎಲ್ಲ ಒಂದೇ ಹಸಿರು. ಒಳಗೆ ಬದುಕಿದವರಿಗೆ ಮಾತ್ರ ಇಲ್ಲಿ ಹತ್ತು ಬಗೆಯ ಕಾಡು ಕಾಣುತ್ತದೆ. ಸಾಗರ, ಸೊರಬದ ಹಳ್ಳಿಯವರು ಬರೀ ಕಾಡು ಅಂದು ಸುಮ್ಮನಾಗುವುದಿಲ್ಲ. ಕಾನು ಬೇರೆ, ಕುರುಚಲು ಗಿಡಗಳ ಹಕ್ಕಲು ಬೇರೆ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ ಬೇರೆ, ಹುಲ್ಲು ಬೆಳೆಯುವ ಬ್ಯಾಣ ಬೇರೆ. ಒಂದೊಂದರ ಗಿಡ ಬೇರೆ, ಹುಳ ಬೇರೆ, ಹಕ್ಕಿ ಬೇರೆ.

ಇವುಗಳಲ್ಲಿ ನನ್ನ ಮನಸ್ಸು ಜಾಸ್ತಿ ಎಳೆಯುವುದು ರಾಂಪತ್ರೆ ಜಡ್ಡಿ. ಕಣಿವೆಯ ತಳದಲ್ಲಿ ವರ್ಷವಿಡೀ ನೀರು ಒಸರುವ ಜೌಗು ಇದು. ಇಲ್ಲಿನ ಮರಗಳು ಜಾಜಿಕಾಯಿಯ ಬಳಗದವು. ಹೂ ಬಿಡುವ ಗಿಡಗಳ ತೀರಾ ಹಳೆಯ ಕವಲುಗಳಲ್ಲಿ ಅದೂ ಒಂದು. ಜೌಗಿನ ಕೆಸರಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ಅದಕ್ಕೆ ಬೇರುಗಳು ಕೆಸರಿನಿಂದ ಮೇಲೆದ್ದು, ಮಂಡಿ ಮಡಚಿದ ಹಾಗೆ ಬಾಗಿ, ಮತ್ತೆ ಕೆಸರಿಗೆ ಇಳಿಯುತ್ತವೆ. ಮೇಲೆದ್ದ ಆ ಮಂಡಿಯಲ್ಲೇ ಉಸಿರಾಟ. ಮರದ ಬುಡದಲ್ಲಿ ಎಲ್ಲಿ ಕಾಲಿಟ್ಟರೂ ಈ ಮಂಡಿಗಳು ತಾಗುತ್ತವೆ.

ಇದರ ಬೀಜ ದಪ್ಪ. ಆದರೆ ಕಾದು ಕೂರುವ ಬೀಜ ಅಲ್ಲ. ಒಣಗಿದರೆ ಸತ್ತೇ ಹೋಯಿತು. ಮಂಗಟ್ಟೆ ಹಕ್ಕಿ ಹಣ್ಣು ನುಂಗಿ, ಬೀಜಕ್ಕೆ ಸುತ್ತಿದ ಪತ್ರೆ ಅರಗಿಸಿಕೊಂಡು, ಬೀಜವನ್ನು ಬೇರೆ ಕಡೆ ಉಗುಳುತ್ತದೆ. ಅದು ಬಿದ್ದ ಜಾಗ ಒದ್ದೆಯಾಗಿದ್ದರೆ ಗಿಡ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಒಂದು ಜಡ್ಡಿ ಹೋದರೆ ಅದನ್ನು ಮತ್ತೆ ನೆಟ್ಟು ಬೆಳೆಸುವುದು ಸುಲಭವಲ್ಲ. ನೀರು ಮೊದಲು ಬರಬೇಕು, ನೆರಳು ಬರಬೇಕು, ಹಕ್ಕಿಯೂ ಬರಬೇಕು.

ಜಡ್ಡಿಗಳು ಹೋದದ್ದು ಯಾಕೆ ಎಂದು ದೂರ ಹುಡುಕಬೇಕಿಲ್ಲ. ರಾಂಪತ್ರೆಗೆ ಬೇಕಾದ ನೀರೇ ಅಡಿಕೆಗೂ ಬೇಕು, ಭತ್ತಕ್ಕೂ ಬೇಕು. ಕಣಿವೆಯ ತಳವೇ ತೋಟಕ್ಕೂ ಒಳ್ಳೆಯ ಜಾಗ. ನಮ್ಮ ಮನೆಯ ತೋಟವೂ ಅಂಥದ್ದೇ ಕಣಿವೆಯಲ್ಲಿದೆ. ನಾವು ಉಂಡ ಅನ್ನ ಅದರದ್ದು. ಇದನ್ನು ಮರೆತು ಕಾಡಿನ ಬಗ್ಗೆ ಬರೆಯಲು ನನಗೆ ಮನಸ್ಸಾಗುವುದಿಲ್ಲ.

ಹಾಗಾದರೆ ಉಳಿದದ್ದನ್ನು ಕಾಯುವವರು ಯಾರು? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಗೆ ದಾರಿ ಮಾಡಿತು. ಮಲೆನಾಡಿಗೆ ಅದರಿಂದ ತುಂಬಾ ಉಪಕಾರವಾಗಿದೆ. ಕುದುರೆಮುಖ, ಭದ್ರಾ, ಶೆಟ್ಟಿಹಳ್ಳಿ, ಸೋಮೇಶ್ವರ ಉಳಿದದ್ದು ಹಾಗೆ. ಶರಾವತಿ ಕಣಿವೆಯ ಅಭಯಾರಣ್ಯಕ್ಕೆ 2019ರಲ್ಲಿ ಅಘನಾಶಿನಿ ಕಡೆಯ ಕಾಡನ್ನೂ ಸೇರಿಸಿ, ಸಿಂಗಳೀಕನ ಹೆಸರಿಟ್ಟರು. ಈಗ ಅದು ಸುಮಾರು 930 ಚದರ ಕಿ.ಮೀ. ಸಿಂಗಳೀಕ ಪಶ್ಚಿಮಘಟ್ಟದಲ್ಲಿ ಮಾತ್ರ ಇರುವ ಮಂಗ. ನೆಲಕ್ಕಿಳಿಯುವುದು ಅಪರೂಪ, ಬದುಕೆಲ್ಲ ಮರದ ನೆತ್ತಿಯಲ್ಲೇ. ಕೊಂಬೆಗೆ ಕೊಂಬೆ ತಾಗಿದ್ದರೆ ಅದಕ್ಕೆ ದಾರಿ. ನಡುವೆ ಅಗಲವಾದ ರಸ್ತೆಯೋ ವಿದ್ಯುತ್ ಮಾರ್ಗವೋ ಹಾದರೆ ಆ ಗುಂಪು ಅಲ್ಲೇ ಸಿಕ್ಕಿಬೀಳುತ್ತದೆ. ನಕ್ಷೆಯಲ್ಲಿ ಕಾಡು ಅಷ್ಟೇ ಇರುತ್ತದೆ, ಮಂಗನ ಪಾಲಿಗೆ ಎರಡು ತುಂಡಾಗಿರುತ್ತದೆ. ಈ ಕಣಿವೆಯಲ್ಲಿ ಹೊಸ ಕಾಮಗಾರಿಯ ಮಾತು ಬಂದಾಗಲೆಲ್ಲ ನನಗೆ ಮೊದಲು ಬರುವ ಚಿಂತೆ ಇದೇ.

ಆದರೆ ಕಾಯಬೇಕಾದದ್ದೆಲ್ಲ ದೊಡ್ಡದೇ ಆಗಿರಬೇಕಿಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವಾಗ ಮಂಡಗದ್ದೆಯಲ್ಲಿ ಬಸ್ಸಿನಿಂದಲೇ ಇಣುಕಿ ನೋಡಿ. ತುಂಗೆಯ ನಡುವೆ ಪುಟ್ಟ ನಡುಗಡ್ಡೆ, ಅದರ ತುಂಬ ಮರ. ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಅಲ್ಲಿ ಗೂಡು ಕಟ್ಟುತ್ತವೆ. ಸುತ್ತ ತುಂಬಿ ಹರಿಯುವ ಹೊಳೆಯೇ ಬೇಲಿ. ಸೊರಬದ ಗುಡವಿಯ ಕೆರೆಯೂ ಹಾಗೇ, ಮುಕ್ಕಾಲು ಚದರ ಕಿಲೋಮೀಟರಿನಷ್ಟು ಜಾಗದಲ್ಲಿ ಸಾವಿರಾರು ಹಕ್ಕಿ.

ಸೊರಬದ ಕಾನುಗಳ ಕತೆ ಬೇರೆ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಆ ಒಂದೇ ತಾಲೂಕಿನಲ್ಲಿ 171 ಕಾನುಗಳನ್ನು ಲೆಕ್ಕ ಹಾಕಿದ್ದರು. ಸುತ್ತ ಎಲೆ ಉದುರಿಸುವ ಕಾಡು, ನಡುನಡುವೆ ವರ್ಷವಿಡೀ ಹಸಿರಾದ ಕಾನು. ಒಳಗೆ ದೇವರು, ಮರಕ್ಕೆ ಹಬ್ಬಿದ ಕಾಡುಮೆಣಸು. ಊರಿನವರು ಮೆಣಸು ಕೊಯ್ಯುತ್ತಿದ್ದರು, ಮರ ಕಡಿಯುತ್ತಿರಲಿಲ್ಲ. ಕಾನಿನ ಕೆಳಗಿನ ಗದ್ದೆಗೆ ನೀರು ಬರುವುದೇ ಕಾನಿನಿಂದ ಎಂದು ಅವರಿಗೆ ಗೊತ್ತಿತ್ತು. ಆಮೇಲೆ ಎಷ್ಟೋ ಕಾನು ಕಡಿದುಹೋದವು, ಒತ್ತುವರಿಯಾದವು. ಉಳಿದವುಗಳಲ್ಲಿ ಹೆಚ್ಚಿನವು ಯಾವ ಅಭಯಾರಣ್ಯದ ಗೆರೆಯೊಳಗೂ ಇಲ್ಲ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿಯಾಗಿ, ಊರಿನವರ ಜಾಗವನ್ನು ಊರಿನವರೇ ಸೇರಿ ಕಾಯುವ ಸಮುದಾಯ ಮೀಸಲು ಎಂಬ ಬಗೆಯೊಂದು ಬಂದಿದೆ. ಸಾಗರದ ಅಂಬಾರಗುಡ್ಡವನ್ನು ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಿದ್ದೂ ಉಂಟು. ಇಂಥ ದಾರಿಗಳು ಕಾನಿಗೂ ಜಡ್ಡಿಗೂ ಇನ್ನೂ ಬೇಗ ತೆರೆದುಕೊಳ್ಳಬೇಕು.

ನಮ್ಮ ತೋಟದ ಕೆಳಗಿನ ಮೂಲೆಯಲ್ಲಿ, ಕಾಲುವೆ ಹಳ್ಳಕ್ಕೆ ಸೇರುವಲ್ಲಿ, ಅಜ್ಜ ಕಡಿಯದೆ ಬಿಟ್ಟ ಎರಡು ರಾಂಪತ್ರೆ ಮರಗಳಿವೆ. ಪ್ರತಿ ಮಳೆಗಾಲ ಅವುಗಳ ಬುಡದಲ್ಲಿ ಸಸಿ ಏಳುತ್ತವೆ. ಪ್ರತಿ ವರ್ಷ ಕಳೆ ತೆಗೆಯುವಾಗ ಅವೂ ಹೋಗುತ್ತಿದ್ದವು. ಕಳೆದ ವರ್ಷ ಆ ಮೂಲೆಗೆ ಕತ್ತಿ ಹಾಕಬೇಡಿ ಎಂದು ಹೇಳಿದ್ದೆ. ಈ ಸಲ ಎಣಿಸಿದಾಗ ಹನ್ನೊಂದು ಸಸಿ ಇದ್ದವು.