ಕಾಲೇಜಿನ ಖರ್ಚಿನ ಮಾತು ಮಗಳ ಹತ್ತಿರ ಯಾವಾಗ ಆಡಬೇಕು?

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ. ಮಗಳು ಹೈಸ್ಕೂಲಿನ ಕೊನೆಯ ವರ್ಷಕ್ಕೆ ಬಂದಿದ್ದಾಳೆ. ಕಾಲೇಜುಗಳ ಪಟ್ಟಿ ಮಾಡುತ್ತಿದ್ದಾಳೆ. ಅದರಲ್ಲಿ ಕೆಲವು ಕಾಲೇಜುಗಳ ಫೀಸು ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಈಗಲೇ ದುಡ್ಡಿನ ಮಾತೆತ್ತಿ ಅವಳ ಉತ್ಸಾಹಕ್ಕೆ ತಣ್ಣೀರು ಎರಚಲು ಮನಸ್ಸಿಲ್ಲ. ‘ಮೊದಲು ಅಡ್ಮಿಷನ್ ಸಿಗಲಿ, ಆಮೇಲೆ ನೋಡೋಣ’ ಅನ್ನುತ್ತಾರೆ ನಮ್ಮ ಯಜಮಾನರು. ಹೀಗೆ ಮಾಡಬಹುದಾ?

ಉತ್ತರ: ಬೇಡ. ಪಟ್ಟಿ ಗಟ್ಟಿಯಾಗುವ ಮೊದಲೇ ಮಾತಾಡಿ. ಸಾಧ್ಯವಾದರೆ ಈ ವಾರವೇ.

ನಿಮ್ಮ ಸಂಕಟ ಅರ್ಥವಾಗುತ್ತದೆ. ಮಕ್ಕಳ ಆಸೆಗೆ ಅಡ್ಡ ಬರಬಾರದು ಅನ್ನುವ ಪ್ರೀತಿಯಿಂದಲೇ ಎಷ್ಟೋ ಅಪ್ಪ ಅಮ್ಮ ಸುಮ್ಮನಿರುತ್ತಾರೆ. ಆದರೆ ದಿನಾಂಕಗಳ ಲೆಕ್ಕ ನೋಡಿ. ರೆಗ್ಯುಲರ್ ಅರ್ಜಿಗಳ ಫಲಿತಾಂಶ ಬಹುಪಾಲು ಮಾರ್ಚ್ ಕೊನೆಯ ಹೊತ್ತಿಗೆ ಬರುತ್ತದೆ. ಯಾವ ಕಾಲೇಜು ಅಂತ ತೀರ್ಮಾನಿಸಿ ಡಿಪಾಸಿಟ್ ಕಟ್ಟಲು ಸಾಮಾನ್ಯವಾಗಿ ಮೇ 1 ಕೊನೆ ದಿನ. ನಡುವೆ ಇರುವುದು ಒಂದು ತಿಂಗಳು ಚಿಲ್ಲರೆ. ಅಷ್ಟರಲ್ಲಿ ಮಗಳು ಆ ಕ್ಯಾಂಪಸ್ಸಿನಲ್ಲಿ ಮನಸ್ಸಿನಲ್ಲೇ ಓಡಾಡಿ ಬಂದಿರುತ್ತಾಳೆ, ಗೆಳತಿಯರಿಗೆಲ್ಲ ಹೇಳಿರುತ್ತಾಳೆ. ಆಗ ‘ಇದು ನಮ್ಮ ಕೈಲಾಗಲ್ಲ’ ಅಂದರೆ ಅವಳಿಗೆ ತಡೆಯಲಾಗದ ನೋವು. ಅದೇ ಮಾತು ಸೆಪ್ಟೆಂಬರಿನಲ್ಲಿ ಹೇಳಿದರೆ ಪಟ್ಟಿಯಿಂದ ಒಂದು ಹೆಸರು ಹೋಗುತ್ತದೆ, ಇನ್ನೊಂದು ಬರುತ್ತದೆ.

ಮಗಳನ್ನು ಕೂರಿಸಿಕೊಳ್ಳುವ ಮೊದಲು ನೀವಿಬ್ಬರೇ ಕೂತು ಒಂದು ಅಂಕಿ ಗೊತ್ತುಮಾಡಿಕೊಳ್ಳಿ. ವರ್ಷಕ್ಕೆ ಎಷ್ಟು ಕೊಡಬಲ್ಲಿರಿ? ಕೂಡಿಟ್ಟ ದುಡ್ಡು ಎಷ್ಟು, ತಿಂಗಳ ಸಂಬಳದಲ್ಲಿ ಎಷ್ಟು ಉಳಿಯುತ್ತದೆ, 529 ಖಾತೆಯಲ್ಲಿ (ಮಕ್ಕಳ ಓದಿಗೆ ಅಂತಲೇ ಇರುವ ಉಳಿತಾಯ ಖಾತೆ) ಏನಿದೆ ಎಲ್ಲ ಸೇರಿಸಿ. ಕೂಡಿಟ್ಟದ್ದನ್ನು ನಾಲ್ಕು ವರ್ಷಕ್ಕೆ ಹಂಚಿ ನೋಡಿ, ಒಂದೇ ವರ್ಷದ ಲೆಕ್ಕ ಸಾಲದು. ಮೊದಲ ವರ್ಷ ಹೇಗೋ ಕಟ್ಟಿ, ಮೂರನೇ ವರ್ಷ ಕೈಚೆಲ್ಲಿ ಕೂರುವ ಕುಟುಂಬಗಳ ಪಾಡು ತುಂಬ ಕಷ್ಟದ್ದು. ಅರ್ಧಕ್ಕೆ ನಿಂತ ಡಿಗ್ರಿ, ಜೊತೆಗೆ ಸಾಲ. ಚಿಕ್ಕ ಮಗು ಇನ್ನೊಂದಿದ್ದರೆ ಅದರ ಪಾಲೂ ಈ ಲೆಕ್ಕದಲ್ಲಿ ಇರಲಿ. ನಿವೃತ್ತಿಗೆ ಇಟ್ಟ ದುಡ್ಡಿಗೆ ಮಾತ್ರ ಕೈ ಹಾಕಬೇಡಿ. ಕಾಲೇಜಿಗೆ ಸಾಲ ಸಿಗುತ್ತದೆ, ಮುಪ್ಪಿಗೆ ಯಾರೂ ಸಾಲ ಕೊಡುವುದಿಲ್ಲ.

ಆ ಅಂಕಿಯನ್ನು ಮಗಳಿಗೆ ನೇರವಾಗಿ ಹೇಳಿ. ‘ವರ್ಷಕ್ಕೆ ಇಷ್ಟು ನಾವು ಹಾಕುತ್ತೇವೆ. ಇದಕ್ಕಿಂತ ಜಾಸ್ತಿ ಆಗುವ ಕಡೆ ಸ್ಕಾಲರ್‌ಶಿಪ್ ಸಿಕ್ಕರೆ ಮಾತ್ರ ಹೋಗಬಹುದು’ ಅಂದರೆ ಸಾಕು. ಹದಿನೇಳು ವರ್ಷದ ಹುಡುಗಿ ಇದನ್ನು ಅರ್ಥ ಮಾಡಿಕೊಳ್ಳುತ್ತಾಳೆ. ‘ನೀನು ಓದು, ದುಡ್ಡಿನ ಚಿಂತೆ ನಮಗಿರಲಿ’ ಅನ್ನುವುದು ಕೇಳಲು ಚೆಂದ. ಆದರೆ ಅದು ಪೂರ್ತಿ ನಿಜವಾಗಿದ್ದರೆ ಮಾತ್ರ ಹೇಳಿ.

ಈಗ ಒಂದು ಒಳ್ಳೆಯ ಸುದ್ದಿ. ನಿಮ್ಮ ಎದೆ ಧಸಕ್ಕೆನ್ನಿಸಿದ ಆ ಫೀಸು ಎಲ್ಲರೂ ಕಟ್ಟುವ ಫೀಸಲ್ಲ. ವೆಬ್‌ಸೈಟಿನಲ್ಲಿ ಹಾಕಿರುವುದು ಪೂರ್ತಿ ದರ. ಅದರಲ್ಲಿ ಗ್ರಾಂಟು (ವಾಪಸ್ ಕಟ್ಟಬೇಕಿಲ್ಲದ ನೆರವು), ಸ್ಕಾಲರ್‌ಶಿಪ್ಪು ಕಳೆದ ಮೇಲೆ ಉಳಿಯುವುದೇ ನೆಟ್ ಪ್ರೈಸ್. ನೀವು ನೋಡಬೇಕಾದ್ದು ಅದನ್ನು. ಸರ್ಕಾರದ ನೆರವು ಪಡೆಯುವ ಕಾಲೇಜುಗಳೆಲ್ಲ ತಮ್ಮ ವೆಬ್‌ಸೈಟಿನಲ್ಲಿ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ ಇಡಬೇಕು ಅಂತ 2011ರಿಂದ ಕಾನೂನಿದೆ. ನಿಮ್ಮ ಆದಾಯ, ಉಳಿತಾಯ ಹಾಕಿದರೆ ಅಂದಾಜು ಖರ್ಚು ತೋರಿಸುತ್ತದೆ. ಪಟ್ಟಿಯಲ್ಲಿರುವ ಪ್ರತಿ ಕಾಲೇಜಿಗೂ ಇದನ್ನು ಮಾಡಿ. ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಸ್ವಂತ ವ್ಯಾಪಾರ ಇರುವವರಿಗೆ, ವಿಚ್ಛೇದನ ಆದವರಿಗೆ ಈ ಅಂದಾಜು ಅಷ್ಟು ನಂಬಿಕಸ್ಥವಲ್ಲ. ಅಂಥವರು ಕಾಲೇಜಿನ ಹಣಕಾಸು ನೆರವಿನ ಕಚೇರಿಗೇ ಫೋನ್ ಮಾಡುವುದು ವಾಸಿ.

ಕೆಲವು ಸಲ ಲೆಕ್ಕ ತಲೆಕೆಳಗಾಗಿ ಬರುತ್ತದೆ. ಹಾರ್ವರ್ಡ್ 2025–26ರಿಂದ ವರ್ಷಕ್ಕೆ 2,00,000 ಡಾಲರ್ ಒಳಗೆ ಆದಾಯ ಇರುವ, ಆಸ್ತಿ ಅತಿಯಾಗಿ ಇಲ್ಲದ ಕುಟುಂಬಗಳ ಮಕ್ಕಳಿಗೆ ಟ್ಯೂಷನ್ ಫೀಸು, ಅಂದರೆ ಕಾಲೇಜಿನ ಪಾಠದ ಶುಲ್ಕ, ಮನ್ನಾ ಮಾಡಿದೆ. ಎಂಐಟಿಯಲ್ಲೂ ಸುಮಾರು ಇದೇ ಮಿತಿ. ಹಾಗಾಗಿ ಮಧ್ಯಮ ವರ್ಗದ ಮನೆಗೆ ಪಕ್ಕದ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವೇ ಇವಕ್ಕಿಂತ ದುಬಾರಿ ಆಗಬಹುದು. ಆದರೆ ಹಾರ್ವರ್ಡ್, ಎಂಐಟಿಯಲ್ಲಿ ಅಡ್ಮಿಷನ್ ಸಿಗುವುದು ತುಂಬ ಕಡಿಮೆ ಜನಕ್ಕೆ. ಇನ್ನೊಂದು ವಿಷಯ ಎಷ್ಟೋ ಜನಕ್ಕೆ ಗೊತ್ತಿಲ್ಲ: ಐವಿ ಲೀಗ್ ಕಾಲೇಜುಗಳು (ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಸೇರಿದ ಹೆಸರಾಂತ ಗುಂಪು) ಬರೀ ಮಾರ್ಕ್ಸ್ ನೋಡಿ ಸ್ಕಾಲರ್‌ಶಿಪ್ ಕೊಡುವುದಿಲ್ಲ. ಅಲ್ಲಿ ಸಿಗುವ ನೆರವೆಲ್ಲ ಆದಾಯ ನೋಡಿ ಕೊಡುವಂಥದ್ದು. ನಿಮ್ಮ ಆದಾಯ ಜಾಸ್ತಿ, ಉಳಿತಾಯ ಕಡಿಮೆ ಅಂತಿದ್ದರೆ ಮಾರ್ಕ್ಸಿಗೆ ದುಡ್ಡು ಕೊಡುವ ಕಾಲೇಜುಗಳನ್ನು ಪಟ್ಟಿಗೆ ಸೇರಿಸಲೇಬೇಕು. ಅಲಬಾಮಾ ವಿಶ್ವವಿದ್ಯಾಲಯದಂಥವು ಇಷ್ಟು ಗ್ರೇಡು, ಇಷ್ಟು ಟೆಸ್ಟ್ ಸ್ಕೋರ್ ಇದ್ದರೆ ಇಷ್ಟು ಸ್ಕಾಲರ್‌ಶಿಪ್ ಅಂತ ಮೊದಲೇ ಪ್ರಕಟಿಸುತ್ತವೆ. ಹೊರ ರಾಜ್ಯದ ಮಕ್ಕಳಿಗೂ ಅದು ಸಿಗುತ್ತದೆ.

ಅಕ್ಟೋಬರ್ ಹೊತ್ತಿಗೆ ‘ಅರ್ಲಿ ಡಿಸಿಷನ್’ ಹಾಕೋಣವಾ ಅನ್ನುವ ಪ್ರಶ್ನೆ ಮನೆಗೆ ಬರುತ್ತದೆ. ಇಲ್ಲಿ ಎಚ್ಚರ ಬೇಕು. ಅರ್ಲಿ ಆ್ಯಕ್ಷನ್ ಅಂದರೆ ಬೇಗ ಅರ್ಜಿ, ಬೇಗ ಉತ್ತರ, ಕಟ್ಟುಪಾಡಿಲ್ಲ. ಅರ್ಲಿ ಡಿಸಿಷನ್ ಹಾಗಲ್ಲ. ಅಡ್ಮಿಷನ್ ಕೊಟ್ಟರೆ ಸೇರುತ್ತೇನೆ ಅಂತ ಮಗಳು, ನೀವು, ಶಾಲೆಯ ಕೌನ್ಸೆಲರ್ ಮೂವರೂ ಸಹಿ ಹಾಕುತ್ತೀರಿ. ಕೊಡುವ ನೆರವು ಸಾಲದಿದ್ದರೆ ಬಿಡಿಸಿಕೊಳ್ಳಬಹುದು, ನಿಜ. ಆದರೆ ಬೇರೆ ಕಾಲೇಜು ಎಷ್ಟು ಕೊಡುತ್ತಿತ್ತು ಅಂತ ಹೋಲಿಸಿ ನೋಡುವ ಅವಕಾಶ ಕೈತಪ್ಪುತ್ತದೆ. ನೆರವಿನ ಮೊತ್ತದ ಮೇಲೆ ತೀರ್ಮಾನ ನಿಂತಿರುವ ಮನೆಗೆ ಅರ್ಲಿ ಡಿಸಿಷನ್ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಆ ಕಾಲೇಜಿನ ಕ್ಯಾಲ್ಕ್ಯುಲೇಟರ್ ತೋರಿಸಿದ ಅಂಕಿ ನಿಮ್ಮ ಮಿತಿಯೊಳಗೆ ಆರಾಮಾಗಿ ಕೂತರೆ ಮಾತ್ರ ಯೋಚಿಸಿ.

ನಮ್ಮವರಲ್ಲಿ ತುಂಬ ಜನ ಎಡವುವ ಜಾಗ ವೀಸಾ. ಸರ್ಕಾರದ ನೆರವಿಗೆ ಅರ್ಹತೆ ಇದೆಯಾ ಅನ್ನುವುದು ಮಗುವಿನ ಸ್ಟೇಟಸ್ ಮೇಲೆ ನಿಂತಿದೆ, ಅಪ್ಪ ಅಮ್ಮನದರ ಮೇಲಲ್ಲ. ನೀವಿಬ್ಬರೂ ಇನ್ನೂ ವೀಸಾದಲ್ಲೇ ಇದ್ದರೂ ಮಗಳು ಇಲ್ಲೇ ಹುಟ್ಟಿದ್ದರೆ ಅವಳು ಅರ್ಜಿ ಹಾಕಬಹುದು. ಅವಳಿಗೆ ಗ್ರೀನ್ ಕಾರ್ಡ್ ಇದ್ದರೂ ಸರಿ. ಅವಳು ಎಚ್‌4ನಲ್ಲಿದ್ದರೆ (ಎಚ್‌1ಬಿಯಂಥ ಕೆಲಸದ ವೀಸಾದವರ ಮಕ್ಕಳಿಗೆ ಸಿಗುವ ವೀಸಾ) ಮಾತ್ರ ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಗ್ರಾಂಟು, ಸಾಲ ಎರಡೂ ಇಲ್ಲ. ಕ್ಯಾಂಪಸ್ಸಿನಲ್ಲಿ ಪಾರ್ಟ್ ಟೈಮ್ ಕೆಲಸವನ್ನೂ ಮಾಡುವಂತಿಲ್ಲ. ಇಪ್ಪತ್ತೊಂದು ತುಂಬಿದರೆ ಎಚ್‌4 ಮುಗಿಯುತ್ತದೆ, ಅಂದರೆ ಡಿಗ್ರಿಯ ನಡುವೆಯೇ ವಿದ್ಯಾರ್ಥಿ ವೀಸಾ ಎಫ್‌1ಗೆ ಹೋಗಬೇಕಾಗಬಹುದು. ಇದಕ್ಕೆ ವಕೀಲರನ್ನು ಮೊದಲೇ ಕೇಳಿಟ್ಟುಕೊಳ್ಳಿ. ರಾಜ್ಯದ ವಿಶ್ವವಿದ್ಯಾಲಯದಲ್ಲಿ ಸ್ಥಳೀಯರ ದರ ಸಿಗುತ್ತದಾ ಅನ್ನುವುದು ಆಯಾ ರಾಜ್ಯದ ನಿಯಮ. ಒಂದೊಂದು ಕಡೆ ಒಂದೊಂದು ಥರ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ ಮುಂತಾದ ಕೆಲವೇ ಕಾಲೇಜುಗಳು ಪೌರತ್ವ ನೋಡದೆ ಅಗತ್ಯ ಇರುವವರಿಗೆಲ್ಲ ತಮ್ಮ ಸ್ವಂತ ದುಡ್ಡಿನಿಂದ ನೆರವು ಕೊಡುತ್ತವೆ. ಇದನ್ನೆಲ್ಲ ಮಗಳಿಗೆ ಬಿಡಿಸಿ ಹೇಳಿ. ಇಲ್ಲೇ ಬೆಳೆದ ಮಗುವಿಗೆ ಗೆಳೆಯರಿಗೆ ಸಿಗುವುದು ತನಗೆ ಯಾಕಿಲ್ಲ ಅಂತ ತಿಳಿಯದಿದ್ದರೆ, ತನ್ನಲ್ಲೇ ಏನೋ ಕೊರತೆ ಇದೆ ಅಂದುಕೊಂಡುಬಿಡುತ್ತದೆ.

ಅರ್ಹತೆ ಇದ್ದರೆ ಸರ್ಕಾರದ ನೆರವಿಗೆ ಹಾಕುವ ಫ್ಯಾಫ್ಸಾ (FAFSA) ಅರ್ಜಿ ತುಂಬಿ. ಇದಕ್ಕೆ ಒಂದು ಪೈಸೆ ಕೊಡಬೇಕಿಲ್ಲ. ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಮುಚ್ಚಿಬಿಡಿ. ಸಾಮಾನ್ಯವಾಗಿ ಅಕ್ಟೋಬರ್ 1ರ ಹೊತ್ತಿಗೆ ಅರ್ಜಿ ತೆರೆಯುತ್ತದೆ. ಲೆಕ್ಕಕ್ಕೆ ತೆಗೆದುಕೊಳ್ಳುವುದು ಎರಡು ವರ್ಷ ಹಿಂದಿನ ಆದಾಯ: 2027ರ ಫಾಲ್‌ನಲ್ಲಿ (ಶರತ್ಕಾಲದಲ್ಲಿ) ಸೇರುವವರಿಗೆ 2025ರ ಟ್ಯಾಕ್ಸ್ ರಿಟರ್ನ್. ನೀವಿರುವ ಮನೆಯ ಬೆಲೆ, 401ಕೆ ಎಂಬ ನಿವೃತ್ತಿ ಖಾತೆಯ ಮೊತ್ತ ಇದರಲ್ಲಿ ಆಸ್ತಿಯಾಗಿ ಬರುವುದಿಲ್ಲ. ಮೊದಲು ಇಬ್ಬರು ಮಕ್ಕಳು ಒಟ್ಟಿಗೆ ಕಾಲೇಜಿನಲ್ಲಿದ್ದರೆ ಲೆಕ್ಕದಲ್ಲಿ ರಿಯಾಯಿತಿ ಇತ್ತು. 2024–25ರಿಂದ ಅದನ್ನು ತೆಗೆದಿದ್ದಾರೆ. ಹಳೆಯ ಅನುಭವದ ಮೇಲೆ ಸ್ನೇಹಿತರು ಹೇಳುವ ಮಾತು ಈಗ ನಡೆಯದಿರಲು ಇದೂ ಒಂದು ಕಾರಣ. ಹಲವು ಖಾಸಗಿ ಕಾಲೇಜುಗಳು ಸಿಎಸ್‌ಎಸ್ ಪ್ರೊಫೈಲ್ ಅನ್ನುವ ಇನ್ನೊಂದು ಅರ್ಜಿಯನ್ನೂ ಕೇಳುತ್ತವೆ. ಅದು ಇನ್ನಷ್ಟು ಆಳಕ್ಕೆ ಹೋಗುತ್ತದೆ, ಮನೆಯ ಬೆಲೆಯನ್ನೂ ಕೇಳುತ್ತದೆ.

ವಸಂತದಲ್ಲಿ ನೆರವಿನ ಪತ್ರಗಳು ಬರುತ್ತವೆ. ಇವನ್ನು ಓದುವುದೇ ಒಂದು ಕೆಲಸ. ‘ನಿಮಗೆ ಇಷ್ಟು ಸಾವಿರ ಡಾಲರ್ ನೆರವು’ ಅಂತ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಕೆಳಗೆ ನೋಡಿದರೆ ಅದರಲ್ಲಿ ಸಾಲವೂ ಸೇರಿರಬಹುದು. ಒಂದು ಹಾಳೆ ತೆಗೆದುಕೊಂಡು ಗ್ರಾಂಟು ಮತ್ತು ಸ್ಕಾಲರ್‌ಶಿಪ್ ಒಂದು ಕಡೆ, ಸಾಲ ಇನ್ನೊಂದು ಕಡೆ ಬರೆಯಿರಿ. ವರ್ಕ್ ಸ್ಟಡಿ ಅಂದರೆ ಕೆಲಸ ಮಾಡಿದ ಮೇಲೆ ಬರುವ ಸಂಬಳ, ಅದು ಬಿಲ್ಲಿನಿಂದ ಮೊದಲೇ ಕಳೆಯುವ ದುಡ್ಡಲ್ಲ. ಒಟ್ಟು ಖರ್ಚಿನಲ್ಲಿ ಟ್ಯೂಷನ್ ಅಷ್ಟೇ ಅಲ್ಲದೆ ಹಾಸ್ಟೆಲು, ಊಟ, ಪುಸ್ತಕ, ಓಡಾಟ ಎಲ್ಲ ಇರಬೇಕು. ಅದರಿಂದ ಗ್ರಾಂಟು, ಸ್ಕಾಲರ್‌ಶಿಪ್ ಮಾತ್ರ ಕಳೆಯಿರಿ. ಉಳಿದದ್ದು ನಿಮ್ಮ ಮೇಲೆ ಬೀಳುವ ಭಾರ. ಸ್ಕಾಲರ್‌ಶಿಪ್ ನಾಲ್ಕೂ ವರ್ಷ ಇರುತ್ತದಾ, ಅದಕ್ಕೆ ಎಷ್ಟು ಗ್ರೇಡು ಉಳಿಸಿಕೊಳ್ಳಬೇಕು ಅನ್ನುವುದನ್ನೂ ಕೇಳಿ. ಈ ನಡುವೆ ಯಾರದಾದರೂ ಕೆಲಸ ಹೋಗಿದ್ದರೆ, ಆಸ್ಪತ್ರೆಯ ದೊಡ್ಡ ಖರ್ಚು ಬಂದಿದ್ದರೆ, ದಾಖಲೆ ಸಮೇತ ಮರುಪರಿಶೀಲನೆಗೆ ಬರೆಯಿರಿ. ಕೇಳಿದ್ದಕ್ಕೆ ಅಡ್ಮಿಷನ್ ವಾಪಸ್ ತೆಗೆದುಕೊಳ್ಳುತ್ತಾರೆ ಅನ್ನುವ ಭಯ ಬೇಡ.

ಸಾಲದ ವಿಷಯದಲ್ಲಿ ಮಗಳ ಹೆಸರಿನ ಫೆಡರಲ್ ಸಾಲದ ಮಿತಿಯೇ ಒಂದು ಒಳ್ಳೆಯ ಗೆರೆ. ಮೊದಲ ವರ್ಷ 5,500 ಡಾಲರ್, ಎರಡನೆಯದು 6,500, ಆಮೇಲೆ ವರ್ಷಕ್ಕೆ 7,500. ನಾಲ್ಕು ವರ್ಷಕ್ಕೆ 27,000. ಕೆಲಸಕ್ಕೆ ಸೇರಿದ ಮೇಲೆ ಹೆಚ್ಚಿನವರು ತೀರಿಸಬಹುದಾದ ಮೊತ್ತ ಇದು. ಇದನ್ನು ದಾಟಿದರೆ ಅಪ್ಪ ಅಮ್ಮ ಸರ್ಕಾರದಿಂದ ತೆಗೆಯುವ ಪೇರೆಂಟ್ ಪ್ಲಸ್ ಸಾಲ, ಇಲ್ಲವೇ ಬ್ಯಾಂಕಿನ ಖಾಸಗಿ ಸಾಲ. 2026ರ ಜುಲೈ 1ರಿಂದ ಹೊಸದಾಗಿ ತೆಗೆಯುವವರಿಗೆ ಪೇರೆಂಟ್ ಪ್ಲಸ್‌ಗೂ ಮಿತಿ ಬಂದಿದೆ: ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000. ಹೇಗೋ ಸಾಲ ಸಿಗುತ್ತೆ ಬಿಡು ಅಂತ ನೆಚ್ಚಿಕೊಂಡಿದ್ದವರು ಲೆಕ್ಕ ಮತ್ತೆ ಮಾಡಬೇಕು. ಖಾಸಗಿ ಸಾಲಕ್ಕೆ ನೀವು ಜಾಮೀನು ಹಾಕಬೇಕಾಗುತ್ತದೆ. ಅದು ಮಗಳ ಹೆಸರಿನಲ್ಲಿದ್ದರೂ ನಿಮ್ಮ ಸಾಲವೇ.

ಯಾವ ಕಾಲೇಜೂ ಲೆಕ್ಕಕ್ಕೆ ಹೊಂದಲಿಲ್ಲವಾ? ಎರಡು ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ (ಕಡಿಮೆ ಫೀಸಿನ ಸ್ಥಳೀಯ ಸರ್ಕಾರಿ ಕಾಲೇಜು) ಓದಿ ಆಮೇಲೆ ವಿಶ್ವವಿದ್ಯಾಲಯಕ್ಕೆ ಹೋಗುವ ದಾರಿಯನ್ನು ನಮ್ಮ ಜನ ಸುಮ್ನೆ ಕೀಳಾಗಿ ನೋಡುತ್ತಾರೆ. ಕ್ಯಾಲಿಫೋರ್ನಿಯಾ, ವರ್ಜೀನಿಯಾದಂಥ ರಾಜ್ಯಗಳಲ್ಲಿ ಗೊತ್ತಾದ ಕೋರ್ಸು, ಗೊತ್ತಾದ ಗ್ರೇಡು ಮುಗಿಸಿದವರಿಗೆ ಮುಂದೆ ಅಡ್ಮಿಷನ್ ಖಾತ್ರಿ ಕೊಡುವ ಒಪ್ಪಂದಗಳಿವೆ. ಕೊನೆಗೆ ಸಿಗುವ ಡಿಗ್ರಿ ಆ ವಿಶ್ವವಿದ್ಯಾಲಯದ್ದೇ. ಮಗಳ ಪಟ್ಟಿಯಲ್ಲಿ ಇದೂ ಮೊದಲ ದಿನದಿಂದಲೇ ಇರಲಿ, ಸೋತವರ ಜಾಗ ಅಂತ ಅಲ್ಲ.

ಡಿಪಾಸಿಟ್ ಕಟ್ಟಿದ ಮೇಲೂ ಬೇಸಿಗೆಯಲ್ಲಿ ಕೈಬಿಡುವಂತಿಲ್ಲ. ಹಾಸ್ಟೆಲ್ ಅರ್ಜಿ, ಲಸಿಕೆ ದಾಖಲೆ, ಮೊದಲ ಬಿಲ್ಲು ಎಲ್ಲ ಮಗಳ ಹೊಸ ಕಾಲೇಜು ಇಮೇಲಿಗೆ ಬರುತ್ತವೆ, ನಿಮಗಲ್ಲ. ಅವಳು ಅದನ್ನು ದಿನಾ ತೆರೆದು ನೋಡುವಂತೆ ಹೇಳಿ. ಎಷ್ಟೋ ಕಾಲೇಜುಗಳು ತಮ್ಮ ಆರೋಗ್ಯ ವಿಮೆಯ ದುಡ್ಡನ್ನು ಬಿಲ್ಲಿಗೆ ತಾವಾಗಿಯೇ ಸೇರಿಸುತ್ತವೆ. ಮಕ್ಕಳು ಇಪ್ಪತ್ತಾರರವರೆಗೆ ಅಪ್ಪ ಅಮ್ಮನ ವಿಮೆಯಲ್ಲಿ ಇರಬಹುದು. ನಿಮ್ಮದು ಆ ಊರಿನಲ್ಲೂ ನಡೆಯುವಂತಿದ್ದರೆ ಕೊನೆ ದಿನದೊಳಗೆ ಕಾಲೇಜಿನ ವಿಮೆ ಬೇಡ ಅನ್ನುವ ‘ವೇವರ್’ ಫಾರಂ ತುಂಬಿಸಿ, ಸಾವಿರಾರು ಡಾಲರ್ ಉಳಿಯಬಹುದು. ಕಾಲೇಜಿಗೆ ಸೇರಿದ ಮೇಲೆ ಅವಳ ಗ್ರೇಡು, ಬಿಲ್ಲು ನೋಡುವ ಹಕ್ಕು ಅವಳದ್ದು. ಹದಿನೆಂಟು ತುಂಬಿದ ಮೇಲೆ ವೈದ್ಯರೂ ಅವಳ ಒಪ್ಪಿಗೆ ಇಲ್ಲದೆ ನಿಮಗೆ ಎಲ್ಲ ಹೇಳುವಂತಿಲ್ಲ. ಬಿಲ್ಲು ನೀವು ಕಟ್ಟುವುದಾದರೆ ಕಾಲೇಜಿನ ಪೋರ್ಟಲಿನಲ್ಲಿ ನಿಮ್ಮ ಹೆಸರು ಸೇರಿಸಲು ಹೇಳಿ. ತುರ್ತಿಗೆ ಬೇಕಾದ ಆರೋಗ್ಯ ಅಧಿಕಾರ ಪತ್ರಕ್ಕೂ ಅವಳು ಮನೆ ಬಿಡುವ ಮೊದಲೇ ಸಹಿ ಮಾಡಿಸಿಟ್ಟುಕೊಳ್ಳಿ.