ಯಾರು ಹೇಳಿದ್ದು? ಅವರಿಗೆ ಯಾರು ಹೇಳಿದ್ದು?

ಧರ್ಮ ಅಂದರೆ ಕಣ್ಣು ಮುಚ್ಚಿ ನಂಬುವುದು, ಪ್ರಶ್ನೆ ಕೇಳುವುದೆಲ್ಲ ವಿಜ್ಞಾನ. ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೀಗೆ ಹೇಳುವವರಲ್ಲಿ ಎಷ್ಟೋ ಜನ ವಾಟ್ಸಾಪಿನಲ್ಲಿ ಬಂದದ್ದನ್ನು ಪೂರ್ತಿ ಓದದೆ ಹತ್ತು ಗುಂಪಿಗೆ ತಳ್ಳುವವರೇ!

ಇಮಾಮ್ ಬುಖಾರಿ (810–870) ಪ್ರವಾದಿಯವರ ನಡೆನುಡಿಯ ವರದಿಗಳನ್ನು, ಅಂದರೆ ಹದೀಸ್‌ಗಳನ್ನು ಹುಡುಕುತ್ತಾ ಊರೂರು ಅಲೆದವರು. ಅವರ ಸಂಗ್ರಹದಲ್ಲಿ ಮಾತಿಗಿಂತ ಮೊದಲು ಹೆಸರುಗಳ ಸಾಲು ಬರುತ್ತದೆ: ನಮಗೆ ಇಂಥವರು ಹೇಳಿದರು, ಅವರಿಗೆ ಇಂಥವರು... ಇದೇ ಇಸ್ನಾದ್. ಇವರಿಬ್ಬರೂ ಒಂದೇ ಕಾಲದವರಾ? ಭೇಟಿ ಆಗಿರಬಹುದಾ? ನೆನಪು ಗಟ್ಟಿಯಾ? ಇದನ್ನು ಪರೀಕ್ಷಿಸಲೆಂದೇ ವರದಿಗಾರರ ಜೀವನಚರಿತ್ರೆಯ ದಪ್ಪ ದಪ್ಪ ಪುಸ್ತಕಗಳು ಹುಟ್ಟಿದವು. ಅರಬ್ಬಿಯಲ್ಲಿ 'ಇಲ್ಮ್' ಅಂದರೆ ಅರಿವು. ಆ ಕಾಲದ ಎಷ್ಟೋ ಜನರ ಬಾಯಲ್ಲಿ ಆ ಪದದ ಅರ್ಥ ಹೀಗೆ ಸಾಲು ಹಿಡಿದು ಬಂದ ವರದಿಗಳ ಅರಿವು ಅಂತಲೇ ಆಗಿತ್ತು.

ಸೈಟು ಕೊಳ್ಳುವಾಗ ವಕೀಲರು ಮಣ್ಣು ಮುಟ್ಟಿ ನೋಡುತ್ತಾರಾ? ಮೂಲಪತ್ರ ಕೇಳುತ್ತಾರೆ. ನಡುವೆ ಒಂದು ಕ್ರಯಪತ್ರ ಇಲ್ಲದಿದ್ದರೆ "ಬೇಡ ಬಿಡಿ" ಅನ್ನುತ್ತಾರೆ. ಅಷ್ಟೇ.

ಇದರ ಲೆಕ್ಕ ಇನ್ನೂ ಮಜವಾಗಿದೆ. ಒಬ್ಬೊಬ್ಬರ ಮಾತೂ ಶೇ. 90 ಸರಿ ಅಂತ ಇಟ್ಟುಕೊಳ್ಳಿ. ಐದು ಜನರನ್ನು ದಾಟಿದಾಗ 0.9ನ್ನು ಐದು ಸಲ ಗುಣಿಸಬೇಕು. ಉಳಿಯುವುದು ಶೇ. 59! ಸೋರುವ ಕೊಡವನ್ನು ಕೈಯಿಂದ ಕೈಗೆ ದಾಟಿಸಿದ ಹಾಗೆ. ಆದರೆ ಅದೇ ಮಾತು ಇಂಥ ಮೂರು ಬೇರೆ ಬೇರೆ ಸಾಲುಗಳಲ್ಲಿ ಬಂದರೆ, ಮೂರೂ ಕೆಟ್ಟಿರುವ ಸಾಧ್ಯತೆ ಸುಮಾರು ಶೇ. 7 ಮಾತ್ರ. ಎಲ್ಲರೂ ಸೇರಿ ಸುಳ್ಳು ಹೇಳಲು ಆಗದಷ್ಟು ಜನರಿಂದ ಪ್ರತಿ ತಲೆಮಾರಿನಲ್ಲೂ ಬಂದದ್ದಕ್ಕೆ 'ಮುತವಾತಿರ್' ಎಂದು ಹೆಸರಿಟ್ಟರು. ಸಾಲುಗಳು ನಿಜಕ್ಕೂ ಬೇರೆಯಾಗಿರಬೇಕು, ಅದು ಮುಖ್ಯ. ಮನೆಯಲ್ಲಿ ಮೂರು ನಲ್ಲಿ ಇದ್ದು ಟ್ಯಾಂಕ್ ಒಂದೇ ಆದರೆ ಬರುವುದು ಅದೇ ನೀರು ಅಲ್ವಾ? "ಹತ್ತು ಗುಂಪಿನಲ್ಲಿ ಬಂದಿದೆ, ಸುಮ್ನೆ ಬರುತ್ತಾ?" ಅನ್ನುವವರು ಟ್ಯಾಂಕ್ ನೋಡಿರುವುದಿಲ್ಲ.

ಯಹೂದಿಗಳ ಧರ್ಮಚರ್ಚೆಯ ಗ್ರಂಥ ತಾಲ್ಮುದ್‌ನಲ್ಲೂ ಇಂಥವರು ಇಂಥವರ ಹೆಸರಿನಲ್ಲಿ ಹೇಳಿದರು ಅಂತಲೇ ಮಾತು ಶುರು. ಅಚ್ಚಾದ ಪುಟದ ನಡುವೆ ಮೂಲ. ಒಂದು ಮಗ್ಗುಲಿಗೆ ರಾಶಿ (1040–1105) ಎಂಬ ಪಂಡಿತರ ವಿವರಣೆ, ಇನ್ನೊಂದು ಮಗ್ಗುಲಿಗೆ ಅವರ ಮೊಮ್ಮಕ್ಕಳೂ ಶಿಷ್ಯಪರಂಪರೆಯವರೂ ತೆಗೆದ ತಕರಾರು! ಅದರಲ್ಲಿ ಬರುವ ಹಿಲ್ಲೆಲ್ ಮತ್ತು ಶಮ್ಮಾಯ್ ಎಂಬ ಇಬ್ಬರು ಗುರುಗಳ ಪಂಥಗಳ ಜಗಳದಲ್ಲಿ ಬಹುಪಾಲು ಗೆದ್ದದ್ದು ಹಿಲ್ಲೆಲ್ ಕಡೆಯವರು. ಆದರೂ ಸೋತವರ ವಾದ ಹೆಸರಿನ ಸಮೇತ ಹಾಗೇ ಉಳಿದಿದೆ.

ಕ್ರೈಸ್ತರದ್ದು ಸ್ವಲ್ಪ ಬೇರೆ ದಾರಿ. ಅಲ್ಲಿ ಪೀಟರ್ ಅಬೆಲಾರ್ಡ್ ಎಂಬ ಪಂಡಿತ 12ನೇ ಶತಮಾನದಲ್ಲಿ ಚರ್ಚಿನ ಹಿರಿಯರ ಮಾತುಗಳು ಒಂದಕ್ಕೊಂದು ತಾಳೆ ಆಗದ 158 ಪ್ರಶ್ನೆಗಳನ್ನು ಪಟ್ಟಿ ಮಾಡಿ ಮುಂದಿಟ್ಟ.

ಮೂರೂ ಕಡೆಯವರು ಒಬ್ಬರನ್ನೊಬ್ಬರು ಓದುತ್ತಿದ್ದರು. ಕೊರ್ಡೋಬಾದಲ್ಲಿ ಹುಟ್ಟಿದ ಯಹೂದಿ ವೈದ್ಯ ಮೈಮೊನಿಡಿಸ್ ತನ್ನ ತತ್ವಗ್ರಂಥವನ್ನು ಅರಬ್ಬಿ ಭಾಷೆಯಲ್ಲಿ, ಹೀಬ್ರೂ ಲಿಪಿಯಲ್ಲಿ ಬರೆದ. ದೇವರು ಇಂಥದ್ದಲ್ಲ, ಅಂಥದ್ದಲ್ಲ ಅಂತ ಮಾತ್ರ ನಾವು ಹೇಳಬಹುದು, ಇಂಥದ್ದು ಅಂತ ಹೇಳಲಾಗದು ಅನ್ನುವುದು ಅವನ ವಾದ. ಆ ಗ್ರಂಥ ಲ್ಯಾಟಿನ್‌ಗೆ ಹೋಗಿ ಕ್ರೈಸ್ತ ಪಂಡಿತ ಥಾಮಸ್ ಅಕ್ವಿನಾಸ್ (1225–1274) ಕೈ ಸೇರಿತು. ಅಕ್ವಿನಾಸ್ ಒಪ್ಪಲಿಲ್ಲ. ಆದರೆ ಅಲ್ಲಗಳೆಯುವ ಮೊದಲು, ಹೀಗೆ ಹೇಳಿದವರು ರಬ್ಬಿ ಮೋಸೆಸ್ (ಅಂದರೆ ಮೈಮೊನಿಡಿಸ್) ಅಂತ ಹೆಸರು ಹಾಕಿಯೇ ಬರೆದ.